ಶನಿವಾರ ಬಿಸಿಯಾಗುತ್ತಿದ್ದ ಚಕ್ರ

ಇದನ್ನು ಹೇಳುವುದನ್ನು ನಾನು ಮುಂದಕ್ಕೆ ತಳ್ಳುತ್ತಲೇ ಬಂದಿದ್ದೇನೆ. ಮೊದಲು ಅಕ್ಕನ ಮಗನ ವರ್ಷದ ತಿಥಿ ಕಳೆಯಲಿ ಅಂದುಕೊಂಡೆ. ತಿಥಿ ಕಳೆದ ಮೇಲೆ ಮಳೆಗಾಲ ಮುಗಿಯಲಿ ಅಂದುಕೊಂಡೆ. ಆಮೇಲೆ ನನ್ನ ಕಣ್ಣಿನ ಆಪರೇಷನ್ ಬಂತು. ಕಣ್ಣಿನ ಪಟ್ಟಿಗೂ ಬಾಯಿಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ, ಏಕೆಂದರೆ ನನ್ನ ಬಾಯಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಈಗ ಕಣ್ಣು ಚೆನ್ನಾಗಿ ಕಾಣುತ್ತದೆ. ಮಳೆಯೂ ನಿಂತಿದೆ. ಇನ್ನು ಯಾವ ನೆಪವೂ ಉಳಿದಿಲ್ಲ.

ನಾನು ಹಲಸೂರಿನವನು. ಎಸ್ಸೆಸ್ಸೆಲ್ಸಿ ಮುಗಿಸಿ ಶಿವಾಜಿನಗರದ ಒಂದು ಬ್ರೇಕ್ ಲೈನಿಂಗ್ ಅಂಗಡಿಗೆ ಸೇರಿದೆ. ಮುದುಕನಾಗುವವರೆಗೂ ಅಲ್ಲೇ ಇದ್ದೆ. ಲಾರಿ, ಬಸ್ಸು, ಟ್ಯಾಕ್ಸಿಗಳ ಸವೆದ ಬ್ರೇಕ್ ಶೂಗಳಿಗೆ ಹೊಸ ಲೈನಿಂಗ್ ಕೂರಿಸಿ ರಿವೆಟ್ ಹೊಡೆಯುವುದು ನನ್ನ ಕೆಲಸ. ನಮ್ಮ ಕಾಲದ ಗಾಡಿಗಳು ಬ್ರೇಕ್ ಸವೆದರೆ ಕಿರುಚುತ್ತಿದ್ದವು. ಕಿವಿಯಿದ್ದವನಿಗೆ ಅಷ್ಟು ಸಾಕಾಗಿತ್ತು. ಈಗಿನ ಗಾಡಿಗಳು ಕಿರುಚುವ ಮೊದಲೇ ದೀಪ ಹಚ್ಚಿ ಹೇಳುತ್ತವೆ.

ಅಕ್ಕನನ್ನು ಕೊಟ್ಟದ್ದು ಕೆ.ಆರ್. ಪುರದ ಕಡೆಯ ಒಂದು ಹಳೆಯ ಹಳ್ಳಿಗೆ. ಅವರ ರಾಗಿ ಹೊಲ ಇದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳಿವೆ. ಮನೆ ಮಾತ್ರ ಓಣಿಯ ಕೊನೆಯಲ್ಲಿ ಹಾಗೇ ಇದೆ, ಪಕ್ಕದಲ್ಲಿ ತಗಡಿನ ಮಾಡಿನ ಹಳೆಯ ದನದ ಕೊಟ್ಟಿಗೆ. ಭಾವ ಹೋಗಿ ಬಹಳ ವರ್ಷವಾಯಿತು. ಅಕ್ಕನಿಗೆ ಇಬ್ಬರು ಮಕ್ಕಳು. ಮಗಳು ದೊಡ್ಡವಳು, ಮದುವೆಯಾಗಿ ಕಮ್ಮನಹಳ್ಳಿಯಲ್ಲಿದ್ದಾಳೆ. ಮಗ ಚಿಕ್ಕವನು, ಮದುವೆಯಾಗಿರಲಿಲ್ಲ, ಅಮ್ಮನ ಜೊತೆಯಲ್ಲಿದ್ದ.

ಅವನು ಒಂದು ದಿನ ಜರ್ಮನಿಯ ಗಾಡಿಯೊಂದನ್ನು ತಂದು ಕೊಟ್ಟಿಗೆಯಲ್ಲಿ ನಿಲ್ಲಿಸಿದ. ಕಡುನೀಲಿ ಬಣ್ಣ, ನೆಲಕ್ಕೆ ಅಂಟಿದ ಹಾಗೆ ತಗ್ಗು. ರೇಸಿಗೆಂದೇ ಮಾಡಿದ್ದನ್ನು ರಸ್ತೆಗೆ ಬಿಟ್ಟಂತಹ ಗಾಡಿ. ಚಕ್ರದ ಕಡ್ಡಿಗಳ ಸಂದಿಯಲ್ಲಿ ಊಟದ ತಟ್ಟೆಗಿಂತ ದೊಡ್ಡ ಬ್ರೇಕಿನ ಡಿಸ್ಕು ಕಾಣುತ್ತಿತ್ತು. ನಾನು ಕುಕ್ಕುರುಗಾಲಲ್ಲಿ ಕೂತು ಅದನ್ನೇ ನೋಡಿದೆ. ಆಯುಸ್ಸೆಲ್ಲ ಬ್ರೇಕಿನಲ್ಲಿ ಕಳೆದವನು, ಅಂಥದ್ದನ್ನು ಹತ್ತಿರದಿಂದ ನೋಡಿರಲಿಲ್ಲ.

"ಒಂದ್ ರೌಂಡ್ ಕೊಡೋ, ಓಡಿಸ್ತೀನಿ," ಅಂದೆ.

ಅವನು ನಕ್ಕ. "ಅಯ್ಯೋ ಮಾವ, ಇದು ನಿಮ್ ಕಾಲಿಗೆ ಆಗಲ್ಲ. ಲಾರಿ ಬ್ರೇಕ್ ತುಳಿದ ಕಾಲು ಅದು. ಇದನ್ನ ಹೂ ಮುಟ್ಟಿದ ಹಾಗೆ ಮುಟ್ಬೇಕು. ನೀವು ತುಳಿದ್ರೆ ಹಿಂದಿರೋ ಬಿಎಂಟಿಸಿ ಬಸ್ಸು ನಮ್ ಮೇಲೇ ಬರುತ್ತೆ."

ಅಕ್ಕನೂ ನಕ್ಕಳು. ನಾನೂ ನಕ್ಕೆ. ಆದರೆ ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಉಳಿಯಿತು. ಇದನ್ನೂ ಒಪ್ಪಿಕೊಳ್ಳಬೇಕು.

ಅವನು ಆ ಗಾಡಿಯಲ್ಲಿ ಸಾಯಲಿಲ್ಲ. ಜ್ವರ ಬಂತು, ಡೆಂಗ್ಯೂ ಅಂದರು, ಆಸ್ಪತ್ರೆಗೆ ನಡೆದುಕೊಂಡೇ ಹೋದ. ವಾಪಸು ಬರಲಿಲ್ಲ. ಗಾಡಿ ಅವನು ನಿಲ್ಲಿಸಿದ ಹಾಗೇ ಕೊಟ್ಟಿಗೆಯಲ್ಲಿ ನಿಂತಿತ್ತು.

ಅಕ್ಕ ಒಂದು ಕಟ್ಟಳೆ ಮಾಡಿದಳು. ವರ್ಷದ ತಿಥಿ ಆಗುವವರೆಗೆ ಆ ಗಾಡಿ ಗೇಟು ದಾಟಬಾರದು. ಅವನ ಸೀಟಿನಲ್ಲಿ ಯಾರೂ ಕೂರಬಾರದು. ಕಾಲ ಕೆಳಗಿನ ಮ್ಯಾಟಿನ ಮೇಲೆ ಅವನ ಚಪ್ಪಲಿಯಿಂದ ಉದುರಿದ ಕೆಂಪು ಮಣ್ಣಿತ್ತು, ಅದನ್ನು ಯಾರೂ ಕೊಡವಬಾರದು. ಹಾಗೆಂದು ಗಾಡಿಯನ್ನು ಸುಮ್ಮನೆ ಬಿಟ್ಟರೆ ಬ್ಯಾಟರಿ ಸಾಯುತ್ತದೆ. ಅದಕ್ಕೆ ವಾರಕ್ಕೊಮ್ಮೆ ಇಂಜಿನ್ ಚಾಲೂ ಮಾಡುವ ಕೆಲಸ ನನಗೆ ಬಂತು. ಆ ಗಾಡಿ ಬ್ರೇಕ್ ತುಳಿಯದೆ ಚಾಲೂ ಆಗುವುದಿಲ್ಲ. ಸೀಟಿನಲ್ಲಿ ಕೂರುವಂತಿಲ್ಲವಲ್ಲ, ನಾನು ಬಾಗಿಲ ಹೊರಗೆ ಮಂಡಿಯೂರಿ, ಒಂದು ಕೈಯಲ್ಲಿ ಪೆಡಲ್ ಒತ್ತಿ ಇನ್ನೊಂದು ಕೈಯಲ್ಲಿ ಗುಂಡಿ ಅದುಮುತ್ತಿದ್ದೆ. ಅಕ್ಕ ಎಡಗಡೆಯ ಸೀಟಿನಲ್ಲಿ ಕೈ ಮಡಚಿಕೊಂಡು ಕೂರುತ್ತಿದ್ದಳು. ಇಂಜಿನ್ ಗುಡುಗಿದಾಗ ಕಣ್ಣು ಮುಚ್ಚುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ "ಸಾಕು ಕಣೋ" ಅನ್ನುತ್ತಿದ್ದಳು. ನಾನು ನಿಲ್ಲಿಸುತ್ತಿದ್ದೆ. ಅವಳ ಮಗನ ಸೀಟು ನಮ್ಮಿಬ್ಬರ ನಡುವೆ ಖಾಲಿ ಇರುತ್ತಿತ್ತು.

ಶನಿವಾರ ಅದಕ್ಕೆ ಗೊತ್ತು ಮಾಡಿದ ದಿನ. ಅಂದು ಬೆಳಿಗ್ಗೆ ಅಕ್ಕ ಮೆಟ್ರೋ ಹತ್ತಿ ಹಲಸೂರಿಗೆ ಬರುತ್ತಿದ್ದಳು. ದೇವಸ್ಥಾನಕ್ಕೆ ಹೋಗಿ, ನಮ್ಮ ಮನೆಯಲ್ಲಿ ಊಟ ಮಾಡಿ, ನನ್ನ ಹೆಂಡತಿಯ ಜೊತೆ ಮಲಗೆದ್ದು ಸಂಜೆ ಹೊರಡುತ್ತಿದ್ದಳು. ಅವಳ ಮನೆಗೆ ನೀರಿನ ಟ್ಯಾಂಕರ್ ಬರುತ್ತಿದ್ದದ್ದೂ ಶನಿವಾರ ಮಧ್ಯಾಹ್ನವೇ. ಸಂಪಿನ ಮುಚ್ಚಳ ತೆರೆಯಲು ಯಾರಾದರೂ ಇರಬೇಕು. ಹಾಗಾಗಿ ನಾನು ಊಟ ಮುಗಿಸಿ ಮೊದಲೇ ಹೋಗುತ್ತಿದ್ದೆ. ನೀರು ತುಂಬಿಸಿಕೊಂಡು ಅಲ್ಲೇ ಕಾದಿದ್ದರೆ, ದೀಪ ಹಚ್ಚುವ ಹೊತ್ತಿಗೆ ಅಕ್ಕ ಬರುತ್ತಿದ್ದಳು.

ಗಾಡಿಯ ಕೀಲಿ ನನ್ನ ಹತ್ತಿರವೇ ಇರುತ್ತಿತ್ತು.

ಮೊದಲ ಸಲ ಗಾಡಿಯನ್ನು ಗೇಟಿನವರೆಗೆ ತಂದು ವಾಪಸು ಒಯ್ದೆ. ಮುಂದಿನ ವಾರ ಓಣಿಯ ತುದಿವರೆಗೆ. ಅದರ ಮುಂದಿನ ವಾರ ಹೊಸಕೋಟೆಯ ರಸ್ತೆಗೆ ಇಳಿದೆ. ಓಣಿಯ ಬಾಡಿಗೆ ಮನೆಗಳವರು ಆ ಹೊತ್ತಿನಲ್ಲಿ ಕೆಲಸಕ್ಕೆ ಹೋಗಿರುತ್ತಿದ್ದರು. ಅಪಾರ್ಟ್‌ಮೆಂಟಿನವರಿಗೆ ಯಾರ ಗಾಡಿಯನ್ನು ಯಾರು ಓಡಿಸಿದರೂ ಒಂದೇ. ಹೊರಡುವ ಮುಂಚೆ ಆ ಮ್ಯಾಟನ್ನು ಮಣ್ಣು ಉದುರದ ಹಾಗೆ ಎತ್ತಿ ಹಿಂದಿನ ಸೀಟಿನ ಮೇಲೆ ಇಡುತ್ತಿದ್ದೆ. ಚಪ್ಪಲಿ ಕೊಟ್ಟಿಗೆಯಲ್ಲೇ ಬಿಡುತ್ತಿದ್ದೆ. ಸೀಟನ್ನು ಸರಿಸುತ್ತಿರಲಿಲ್ಲ. ಅವನು ಉದ್ದದ ಆಳು. ನಾನು ಅವನ ಅಳತೆಯಲ್ಲಿ ಕೂತು, ಕಾಲು ಎಳೆದು ಚಾಚಿ, ಬೆರಳ ತುದಿಯಲ್ಲಿ ಬ್ರೇಕ್ ಮುಟ್ಟುತ್ತಿದ್ದೆ. ಕನ್ನಡಿಯೂ ಅವನ ಕಣ್ಣಿನ ಎತ್ತರಕ್ಕೇ ಇತ್ತು. ನನಗೆ ಅದರಲ್ಲಿ ಹಿಂದಿನ ರಸ್ತೆ ಕಾಣುತ್ತಿರಲಿಲ್ಲ. ಹಿಂದಿನ ಸೀಟೂ ಅದರ ಮೇಲಿನ ಕೆಂಪು ಮಣ್ಣೂ ಕಾಣುತ್ತಿದ್ದವು.

ಜೋರಾಗಿ ಬಿಟ್ಟು, ಕೊನೆ ಗಳಿಗೆಯಲ್ಲಿ ಬ್ರೇಕ್ ಹಾಕುವುದು. ನನಗೆ ಬೇಕಾಗಿದ್ದದ್ದು ಅಷ್ಟೇ. ಆ ಗಾಡಿ ನಿಲ್ಲುವ ರೀತಿಯನ್ನು ಹೇಗೆ ಹೇಳಲಿ, ನೆಲವೇ ಅದನ್ನು ಹಿಡಿದುಕೊಂಡ ಹಾಗೆ. "ನೋಡೋ, ನನ್ ಕಾಲಿಗೂ ಆಗುತ್ತೆ," ಎಂದು ಒಂದು ದಿನ ಗಟ್ಟಿಯಾಗಿ ಹೇಳಿಬಿಟ್ಟೆ. ಹೇಳಿದ ಮೇಲೆ ಕನ್ನಡಿ ನೋಡಲು ಧೈರ್ಯವಾಗಲಿಲ್ಲ.

ಅಕ್ಕ ಶನಿವಾರ ಸಂಜೆ ಬಂದವಳೇ ಕೈಕಾಲು ತೊಳೆದು, ದೀಪ ಹಚ್ಚಿ, ಕುಂಕುಮದ ಬಟ್ಟಲು ಹಿಡಿದು ಕೊಟ್ಟಿಗೆಗೆ ಬರುತ್ತಿದ್ದಳು. ನಾಲ್ಕು ಚಕ್ರಕ್ಕೂ ಬೊಟ್ಟು ಇಡುತ್ತಿದ್ದಳು. ಒಂದು ಸಂಜೆ ಮುಂದಿನ ಎಡಚಕ್ರಕ್ಕೆ ಬೊಟ್ಟಿಟ್ಟವಳು ಕೈ ತೆಗೆಯಲಿಲ್ಲ.

"ಬಿಸಿ ಇದೆ," ಅಂದಳು.

"ಟ್ಯಾಂಕರ್ ಹೋದ್ಮೇಲೆ ಒಂದ್ಸಲ ಸ್ಟಾರ್ಟ್ ಮಾಡಿ ನೋಡ್ದೆ ಅಕ್ಕ."

"ಸ್ಟಾರ್ಟ್ ಮಾಡಿದ್ರೆ ಇಂಜಿನ್ ಬಿಸಿ ಆಗ್ಬೇಕು. ಚಕ್ರ ಯಾಕೋ ಬಿಸಿ ಆಗುತ್ತೆ? ನಿಂತಿರೋ ಗಾಡಿ ಅಲ್ವಾ?"

"ದೊಡ್ಡ ಇಂಜಿನ್ನು. ಶಾಖ ಕೆಳಕ್ಕೆ ಇಳಿಯುತ್ತೆ."

ಅವಳು ಎದ್ದು ಹಿಂದೆ ಹೋಗಿ ಹಿಂದಿನ ಚಕ್ರವನ್ನೂ ಮುಟ್ಟಿದಳು. ಅದೂ ಬಿಸಿಯಿತ್ತು. ಆಗ ಕೊಟ್ಟಿಗೆಯಲ್ಲಿ ಒಂದು ಸದ್ದು ಕೇಳುತ್ತಿತ್ತು. ಟಿಕ್. ಸ್ವಲ್ಪ ಬಿಟ್ಟು ಮತ್ತೆ ಟಿಕ್. ಕಾದ ಕಬ್ಬಿಣ ಆರುವಾಗ ಮಾಡುವ ಸದ್ದು ಅದು. ನನಗೆ ಗೊತ್ತಿತ್ತು. ಅಕ್ಕ ತಲೆ ಓರೆ ಮಾಡಿ ಕೇಳಿಸಿಕೊಂಡಳು. ಮೂಗೆಳೆದು ವಾಸನೆ ನೋಡಿದಳು. ಸುಟ್ಟ ಬ್ರೇಕಿನ ವಾಸನೆ.

"ಅವನು ಮನೆಗೆ ಬಂದಾಗ ಹೀಗೇ ಇರ್ತಿತ್ತು," ಅಂದಳು. "ಅಡುಗೆ ಮನೇಲಿದ್ರೂ ಗೊತ್ತಾಗೋದು. ಮೊದ್ಲು ಈ ವಾಸನೆ. ಆಮೇಲೆ ಈ ಟಿಕ್ ಟಿಕ್. ಆಮೇಲೆ 'ಅಮ್ಮಾ, ಊಟ' ಅನ್ನೋನು."

ಅವಳು ಅಡುಗೆ ಮನೆಯ ಕಡೆ ತಿರುಗಿ ಕಾಯುತ್ತ ನಿಂತಳು. ಸದ್ದು ಮಾಡಿಸಿದವನು ನಾನೇ. ಆದರೂ, ಅವಳು ನಿಂತ ರೀತಿ ನೋಡಿ, ನಾನೂ ಆ ಬಾಗಿಲನ್ನೇ ನೋಡಿದೆ.

ಹಳದಿ ದೀಪ ಹತ್ತಿದ್ದು ಅದಾದ ಮೇಲೆ, ನಾನೊಬ್ಬನೇ ರಸ್ತೆಯಲ್ಲಿದ್ದಾಗ. ವೃತ್ತ, ಅದರ ಎರಡೂ ಪಕ್ಕಕ್ಕೆ ಸಣ್ಣ ಗೆರೆಗಳು. ಡಿಸ್ಕನ್ನು ಒತ್ತಿ ಹಿಡಿದು ನಿಲ್ಲಿಸುವ ಬ್ರೇಕ್ ಪ್ಯಾಡ್ ಸವೆದಿದೆ ಎಂದು ಅರ್ಥ. ಪ್ಯಾಡಿನ ಒಳಗೆ ಒಂದು ತಂತಿಯನ್ನು ಹುದುಗಿಸಿರುತ್ತಾರೆ. ಪ್ಯಾಡ್ ತೇಯುತ್ತ ತೇಯುತ್ತ ಆ ಮಟ್ಟಕ್ಕೆ ಇಳಿದಾಗ, ತಿರುಗುವ ಡಿಸ್ಕು ತಂತಿಯನ್ನು ಉಜ್ಜಿ ಕತ್ತರಿಸುತ್ತದೆ. ತಂತಿ ಕಡಿದರೆ ದೀಪ ಹತ್ತುತ್ತದೆ. ಅದೇ ಸೆನ್ಸರ್. ಅಕ್ಕನ ಮಗನೇ ಪ್ಯಾಡನ್ನು ಬಹಳಷ್ಟು ಸವೆಸಿದ್ದ, ಉಳಿದದ್ದನ್ನು ನಾನು ಮುಗಿಸಿದ್ದೆ. ಈಗ ಶನಿವಾರ ಸಂಜೆ ಅಕ್ಕ ಎಡಗಡೆ ಕೂತು ಆ ದೀಪ ನೋಡುತ್ತಾಳೆ. ಮಗಳಿಗೆ ಹೇಳುತ್ತಾಳೆ. ಮಗಳು ಯಾರನ್ನಾದರೂ ಕರೆಸುತ್ತಾಳೆ. ಕರೆಸಿದವನು, ನಿಂತ ಗಾಡಿಯ ಪ್ಯಾಡ್ ಹೇಗೆ ಸವೆಯಿತು ಎಂದು ಕೇಳುತ್ತಾನೆ.

ಶಿವಾಜಿನಗರಕ್ಕೆ ಹೋದೆ. ಬಿಡಿಭಾಗಗಳ ಅಂಗಡಿಯ ಹಳೆಯ ಸ್ನೇಹಿತ ಗಲ್ಲಾದ ಮುಂದೆ ಚಹಾ ಕುಡಿಯುತ್ತಿದ್ದ.

"ಕ್ಯಾ ಭಾಯ್, ನೀನು ಹೋಗ್ಬಿಟ್ಟೆ ಅಂತ ನಾನು ಅತ್ತು ಮುಗಿಸಿದ್ದೆ!" ಅಂದ.

"ಇನ್ನೊಂದ್ಸಲ ಅಳೋಕೆ ಕಣ್ಣೀರು ಇಟ್ಕೊಂಡಿರು. ಒಂದು ಬ್ರೇಕ್ ಸೆನ್ಸರ್ ಬೇಕಿತ್ತು."

ಗಾಡಿಯ ವಿವರ ಹೇಳಿದೆ. ಅವನು ತಲೆ ಕೆರೆದುಕೊಂಡ. "ಆ ಗಾಡಿದು ಪ್ಯಾಡೂ ಸೆನ್ಸರೂ ಇಲ್ಲಿ ಸಿಗಲ್ಲ. ಕಂಪನಿಗೆ ಆರ್ಡರ್ ಹಾಕ್ಬೇಕು. ಚಾಸಿ ನಂಬರ್ ಕೇಳ್ತಾರೆ, ಓನರ್ ಫೋನಿಗೆ ಮೆಸೇಜ್ ಹೋಗುತ್ತೆ." ಆಮೇಲೆ ಕಣ್ಣು ಹೊಡೆದು, "ನಿನಗೆ ಸೆನ್ಸರ್ ಬೇಕಾ, ಲೈಟ್ ಹೋಗ್ಬೇಕಾ? ಎರಡೂ ಬೇರೆ ಬೇರೆ ಗಿರಾಕಿ," ಅಂದ.

"ಲೈಟ್ ಹೋದ್ರೆ ಸಾಕು."

"ಮತ್ತೆ ನನ್ನನ್ನ ಯಾಕೆ ಕೇಳ್ತೀಯ? ವೈರ್ ಕಟ್ ಮಾಡು, ಎರಡೂ ತುದಿ ಸೇರಿಸು, ಟೇಪ್ ಸುತ್ತು. ಗಾಡಿಗೆ ಎಲ್ಲಾ ಚೆನ್ನಾಗಿದೆ ಅನ್ಸುತ್ತೆ. ನಮ್ ಬೀದಿಲಿ ದಿನಾ ಮಾಡ್ತೀವಿ." ಚಹಾದ ಲೋಟ ಬಾಯಿಗೆ ಒಯ್ದವನು ನಿಲ್ಲಿಸಿದ. "ಇದು ಆ ಹುಡುಗನ ಗಾಡಿ ಅಲ್ವಾ? ತೀರ್ಕೊಂಡ್ನಲ್ಲ, ಅವಂದು?"

"ಹೂಂ."

"ಯಾರು ಓಡಿಸ್ತಾ ಇದ್ದಾರೆ?"

"ಯಾರೂ ಇಲ್ಲ."

ಅವನು ನನ್ನ ಮುಖವನ್ನೇ ನೋಡಿದ. "ಯಾರೂ ಓಡಿಸದ ಗಾಡಿಗೆ ಪ್ಯಾಡ್ ಹೇಗೆ ಭಾಯ್ ಸವೆಯುತ್ತೆ?" ಅಂದ. ಅವನು ಉಳಿದ ಚಹಾವನ್ನು ಚರಂಡಿಗೆ ಚೆಲ್ಲಿದ.

ತಂತಿ ಸೇರಿಸುವುದು ನಮ್ಮ ಬೀದಿಯಲ್ಲಿ ತಪ್ಪೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಹೊಸ ಸೆನ್ಸರ್ ಬರುವವರೆಗೆ ಗಿರಾಕಿ ಗಾಡಿ ಓಡಿಸಬೇಕಲ್ಲ, ಅದಕ್ಕೆ. ನಾನು ಮುಂದಿನ ಶನಿವಾರವೇ ಚಕ್ರ ಬಿಚ್ಚಿ ಮಾಡಿದೆ. ದೀಪ ಹೋಯಿತು. ಪ್ಯಾಡ್ ಮಾತ್ರ ಹಾಗೇ ಇತ್ತು. ನಾನು ಓಡಿಸುವುದೂ ಹಾಗೇ ನಡೆಯಿತು.

ಆಮೇಲೆ ಒಂದು ಸಂಜೆ, ನಾನು ಮಂಡಿಯೂರಿ ಇಂಜಿನ್ ಚಾಲೂ ಮಾಡಿದಾಗ, ಎಡಗಡೆ ಕೂತಿದ್ದ ಅಕ್ಕ ಹೇಳಿದಳು: "ಇದೇನೋ ಹಳದಿ ದೀಪ?"

ನೋಡಿದೆ. ಅದೇ ದೀಪ. ನಾನು ನನ್ನ ಕೈಯಾರೆ ಸಾಯಿಸಿದ್ದ ದೀಪ. ಆವತ್ತು ಮಧ್ಯಾಹ್ನವೆಲ್ಲ ರಸ್ತೆಯಲ್ಲಿ ಅದು ಹತ್ತಿರಲಿಲ್ಲ.

"ಏನಿಲ್ಲ. ತಾನಾಗಿ ಹೋಗುತ್ತೆ," ಅಂದೆ.

ಮುಂದಿನ ಶನಿವಾರವೂ ಹಾಗೇ ಆಯಿತು. ನಾನೊಬ್ಬನೇ ಇದ್ದಾಗ ದೀಪವಿಲ್ಲ. ಕೊಟ್ಟಿಗೆಗೆ ತಂದು ನಿಲ್ಲಿಸಿ, ಅಕ್ಕ ಬಂದು ಕೂತರೆ ದೀಪ. ನಾನು ಮತ್ತೆ ಚಕ್ರದ ಸಂದಿಗೆ ಕೈ ಹಾಕಿ ತಡವಿದೆ. ಟೇಪು ಗಟ್ಟಿಯಾಗಿತ್ತು. ಕಾರಣ ನನಗೆ ಹೊಳೆದದ್ದು ಬಹಳ ತಡವಾಗಿ: ಕೊಟ್ಟಿಗೆ ಓರೆಯಾಗಿದೆ, ಗಾಡಿ ನಿಲ್ಲಿಸಬೇಕಾದರೆ ಮುಂದಿನ ಚಕ್ರವನ್ನು ಪೂರ್ತಿ ತಿರುಗಿಸಬೇಕು, ಹಾಗೆ ತಿರುಗಿಸಿದಾಗ ಗಿಡ್ಡವಾದ ತಂತಿ ಜಗ್ಗಿ ಟೇಪಿನೊಳಗೆ ಗಂಟು ಸಡಿಲವಾಗುತ್ತಿತ್ತು. ಅಷ್ಟೇ ಇದ್ದಿರಬೇಕು. ಆದರೆ ಆಗ ನನಗೆ ಅದು ಹೊಳೆಯಲಿಲ್ಲ. ಆಗ ನನಗೆ ಅನ್ನಿಸಿದ್ದು, ಯಾರೋ ನನ್ನ ಬಗ್ಗೆ ಅಕ್ಕನಿಗೆ ಹೇಳುತ್ತಿದ್ದಾರೆ ಎಂದು.

ಅಕ್ಕನಿಗೂ ಯಾರೋ ಹೇಳುತ್ತಿದ್ದಾರೆ ಎಂದೇ ಅನ್ನಿಸಿತು. ಯಾರು ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ.

"ಶನಿವಾರ ಬರ್ತಾನೆ ಕಣೇ," ಎಂದು ಮಗಳಿಗೆ ಫೋನಿನಲ್ಲಿ ಹೇಳುತ್ತಿದ್ದದ್ದನ್ನು ನಾನೇ ಕೇಳಿದೆ. "ನಾನು ಹಲಸೂರಿಗೆ ಹೋದಾಗ ಬಂದು ಗಾಡಿ ತಗೊಂಡು ಹೋಗ್ತಾನೆ. ನಾನು ಬರೋ ಹೊತ್ತಿಗೆ ವಾಪಸ್ ಇಟ್ಟಿರ್ತಾನೆ. ಚಕ್ರ ಬಿಸಿ ಇರುತ್ತೆ. ನಾನು ಕೂತ್ರೆ ದೀಪ ಹಚ್ತಾನೆ."

ಅವನನ್ನು ನೋಡಲೇಬೇಕೆಂದು ಅವಳು ಶನಿವಾರ ಹಲಸೂರಿಗೆ ಬರುವುದನ್ನು ನಿಲ್ಲಿಸಿದಳು. ಮಧ್ಯಾಹ್ನದಿಂದಲೇ ಕೊಟ್ಟಿಗೆಯಲ್ಲಿ ದನಕ್ಕೆ ನೀರಿಡುತ್ತಿದ್ದ ಹಳೆಯ ಬಾನಿಯ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ನಾನು ಟ್ಯಾಂಕರ್ ಬಿಡಿಸಿಕೊಂಡು ಅವಳ ಎದುರಿಗೆ ಕೂರುತ್ತಿದ್ದೆ. ಗಾಡಿ ನಮ್ಮಿಬ್ಬರ ನಡುವೆ. ಸಂಜೆ ಅವಳು ಬೊಟ್ಟಿಡುವಾಗ ಚಕ್ರ ತಣ್ಣಗಿರುತ್ತಿತ್ತು. ನಾನು ಓಡಿಸಿಲ್ಲವಲ್ಲ. ಹೀಗೆ ಕೆಲವು ವಾರ ನಡೆಯಿತು. ಒಂದು ಸಂಜೆ ಅವಳು ಬಟ್ಟಲನ್ನು ನೆಲದ ಮೇಲಿಟ್ಟು ಹೇಳಿದಳು: "ನಾನಿದ್ರೆ ಬರಲ್ಲ ಅವನು. ನನ್ನ ಮುಖ ನೋಡೋಕೆ ಇಷ್ಟ ಇಲ್ಲ ಅವನಿಗೆ. ಆಸ್ಪತ್ರೇಲಿ ಮನೆಗೆ ಕರ್ಕೊಂಡು ಹೋಗಮ್ಮ ಅಂದ. ನಾನು ಕರ್ಕೊಂಡು ಬರ್ಲಿಲ್ಲ."

ಆಗಲಾದರೂ ನಾನು ಬಾಯಿ ಬಿಡಬೇಕಾಗಿತ್ತು. ಅದರ ಬದಲು ಏನು ಮಾಡಿದೆ? "ಇಲ್ಲ ಅಕ್ಕ, ಮುಂದಿನ ಶನಿವಾರ ನೀನು ಹಲಸೂರಿಗೆ ಬಾ. ಎಲ್ಲಾ ಸರಿಹೋಗುತ್ತೆ," ಅಂದೆ. ಅವಳು ಬಂದಳು. ನಾನು ಹೋಗಿ ಗಾಡಿ ತೆಗೆದೆ. ಇನ್ನು ಮೇಲೆ ಇದು ನನಗಾಗಿ ಅಲ್ಲ, ಅವಳಿಗಾಗಿ, ಅವಳ ಕೈಗೆ ಚಕ್ರ ಬಿಸಿಯಾಗಿ ಸಿಗಲಿ ಎಂದು, ಹೀಗೆ ಹೇಳಿಕೊಂಡೇ ಆಕ್ಸಿಲರೇಟರ್ ತುಳಿದೆ. ಆವತ್ತು ಸಂಜೆ ಅಕ್ಕ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಳು. ನಾನು ಪಕ್ಕದಲ್ಲಿ ನಿಂತಿದ್ದೆ.

ಪ್ಯಾಡ್ ಪೂರ್ತಿ ತೀರಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿತ್ತು. ಕಿವಿಗೆ ಗೊತ್ತಾಗುತ್ತಿತ್ತು, ನಮ್ಮ ಕಾಲದ ಗಾಡಿಗಳ ಹಾಗೆ ಅದೂ ಕಿರುಚಲು ಕಲಿತಿತ್ತು. ಕೊನೆಯ ಸಲ ಓಡಿಸಿದಾಗ, ಕೆ.ಆರ್. ಪುರದ ತೂಗುಸೇತುವೆಯ ಇಳಿಜಾರಿನಲ್ಲಿ ಬ್ರೇಕ್ ಮುಟ್ಟಿದೆ. ಪೆಡಲ್ ನನ್ನ ಬರಿಗಾಲನ್ನು ವಾಪಸು ಒತ್ತಿತು. ಬಿಟ್ಟು ಮುಟ್ಟಿದೆ. ಮತ್ತೆ ಒತ್ತಿತು. ಆ ಬದಿಯಿಂದ ಯಾರೋ ಪಾದಕ್ಕೆ ಪಾದ ಕೊಟ್ಟು ತಳ್ಳಿದ ಹಾಗೆ, ಸಮನಾದ ತಾಳದಲ್ಲಿ. ಡಿಸ್ಕು ಕಾದು ಸೊಟ್ಟಗಾದರೆ ಹಾಗಾಗುತ್ತದೆ. ಬೇರೆಯವರಿಗೆ ನಾನೇ ಎಷ್ಟೋ ಸಲ ಅದನ್ನು ವಿವರಿಸಿದ್ದೇನೆ. ಆದರೆ ಸೇತುವೆಯ ಮೇಲೆ ಆ ವಿವರಣೆ ನನ್ನ ನೆರವಿಗೆ ಬರಲಿಲ್ಲ. ಕೊಟ್ಟಿಗೆಗೆ ತಂದು ನಿಲ್ಲಿಸಿ ಬಹಳ ಹೊತ್ತು ಕಾಲು ಮೇಲೆತ್ತಿಕೊಂಡು ಕೂತಿದ್ದೆ. ಮತ್ತೆ ಓಡಿಸಲಿಲ್ಲ.

ಮುಂದಿನ ವಾರ ಅಕ್ಕನ ಮಗಳು ಅವಳನ್ನು ಇಂದಿರಾನಗರದ ಮನೋವೈದ್ಯರೊಬ್ಬರ ಹತ್ತಿರ ಕರೆದೊಯ್ದಳು. ನನ್ನನ್ನೂ ಬರಹೇಳಿದಳು. ವೈದ್ಯೆ ಚಿಕ್ಕ ವಯಸ್ಸಿನವರು, ಮೆತ್ತಗೆ ಮಾತಾಡುತ್ತಿದ್ದರು.

"ಅಮ್ಮ, ಗಾಡಿ ಹೊರಗೆ ಹೋಗಿದ್ದನ್ನ ನೀವು ನೋಡಿದ್ದೀರಾ?"

"ನೋಡಿಲ್ಲ," ಅಂದಳು ಅಕ್ಕ. "ಮುಟ್ಟಿದ್ದೀನಿ."

ಮಗಳು ನನ್ನ ಕಡೆ ತಿರುಗಿದಳು. "ಮಾವ, ನೀವು ಬ್ರೇಕ್ ಕೆಲಸ ಮಾಡಿದವರು. ಕೀಲಿ ನಿಮ್ಮ ಹತ್ರ ಇರುತ್ತೆ. ಶನಿವಾರ ಅಲ್ಲೇ ಇರ್ತೀರ. ನೀವೇ ಹೇಳಿ. ಆ ಗಾಡಿ ಗೇಟು ದಾಟಿ ಹೋಗುತ್ತಾ?"

ಅಕ್ಕ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಭಯವಿರಲಿಲ್ಲ. ನಾನು ಅವಳ ಪರವಾಗಿ ಹೇಳುತ್ತೇನೆಂದು ಕಾಯುತ್ತಿದ್ದಳು. ಚಿಕ್ಕಂದಿನಲ್ಲಿ ಹಲಸೂರು ಕೆರೆಯ ಹತ್ತಿರ ಆಡಿ ತಡವಾಗಿ ಬಂದಾಗ ಅಪ್ಪನ ಮುಂದೆ ನನ್ನ ಪರ ಹೇಳುತ್ತಿದ್ದವಳು ಅವಳೇ.

"ಇಲ್ಲ," ಅಂದೆ. "ಗಾಡಿ ಎಲ್ಲೂ ಹೋಗಲ್ಲ. ಚಕ್ರವೂ ಬಿಸಿ ಇರಲ್ಲ."

ಎರಡನೆಯ ಮಾತನ್ನು ಯಾರೂ ಕೇಳಿರಲಿಲ್ಲ. ನಾನಾಗಿಯೇ ಸೇರಿಸಿದೆ.

ಅಕ್ಕ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ಬಹಳ ಹೊತ್ತು ನೋಡಿದಳು. ಆಮೇಲೆ ವೈದ್ಯೆಗೆ ಹೇಳಿದಳು: "ನನ್ ತಮ್ಮ ಸುಳ್ಳು ಹೇಳಲ್ಲ ಡಾಕ್ಟ್ರೇ. ಹಾಗಾದ್ರೆ ನನಗೇ ಏನೋ ಆಗಿದೆ. ಮಾತ್ರೆ ಬರ್ಕೊಡಿ."

ವರ್ಷದ ತಿಥಿ ಕಳೆಯುತ್ತಲೇ ಗಾಡಿ ಮಾರಿದರು. ಅಕ್ಕ ಮಾತ್ರೆ ತಗೊಂಡು ಒಳಗೆ ಮಲಗಿದ್ದಾಗ, ಕೊಳ್ಳುವವನ ಮೆಕ್ಯಾನಿಕ್ ಅಂಗಳದಲ್ಲೇ ಚಕ್ರ ಬಿಚ್ಚಿದ. ಡಿಸ್ಕಿನ ಮೇಲೆ ನೇಗಿಲು ಹೂಡಿದ ಹಾಗೆ ಗೆರೆಗಳು. ಅವನು ಟೇಪು ಸುತ್ತಿದ ತಂತಿಯನ್ನು ಎಳೆದು ತೋರಿಸಿದ. "ಯಾರೋ ಬೈಪಾಸ್ ಮಾಡವ್ರೆ ನೋಡಿ. ಪ್ಯಾಡೇ ಇಲ್ಲ, ಬರೀ ಕಬ್ಬಿಣ. ಇದನ್ನ ಓಡಿಸ್ತಿದ್ದೋನು ಬದುಕಿದ್ದಾನಾ?"

ಮಗಳು ಬಗ್ಗಿ ಆ ತಂತಿಯನ್ನು ನೋಡಿದಳು. "ನನ್ ತಮ್ಮಂದೇ ಕೆಲಸ ಇರುತ್ತೆ," ಅಂದಳು. "ಯಾವುದಕ್ಕೂ ಪುರುಸೊತ್ತಿರ್ಲಿಲ್ಲ ಅವನಿಗೆ." ಮೆಕ್ಯಾನಿಕ್ ತಂತಿಯನ್ನು ಅಂಗಳದಲ್ಲಿ ಎಸೆದ. ಅವರು ಒಳಗೆ ಹೋದ ಮೇಲೆ ನಾನು ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡೆ. ಈಗಲೂ ನನ್ನ ಪೆಟ್ಟಿಗೆಯಲ್ಲಿದೆ.

ಸತ್ತವನಲ್ಲಿ ತಪ್ಪೊಪ್ಪಿಕೊಂಡಿದ್ದೇನೆ, ಅವನ ಫೋಟೋದ ಮುಂದೆ ಎಡೆ ಇಡುವಾಗ, ಮನಸ್ಸಿನಲ್ಲೇ. ಅದು ಸುಲಭ. ಮಗಳಿಗೆ ಈಚೆಗೆ ಕಮ್ಮನಹಳ್ಳಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಕೊನೆಯವರೆಗೂ ಕೇಳಿದಳು. ಆಮೇಲೆ, "ಡಾಕ್ಟರ್ ಮುಂದೆ ನಾನು ನಿಮ್ಮನ್ನೇ ಕೇಳಿದೆ ಮಾವ. ಬೇರೆ ಯಾರನ್ನೂ ಕೇಳ್ಲಿಲ್ಲ. ನಿಮ್ಮನ್ನೇ ಕೇಳಿದೆ," ಅಂದಳು. ನಾನು ಕೈ ಮುಗಿದೆ. "ನನಗೆ ಮುಗಿದು ಏನಾಗ್ಬೇಕು? ನೀವೇ ಹೋಗಿ ಅಮ್ಮನಿಗೆ ಹೇಳಿ. ನಾನು ಹೇಳಲ್ಲ," ಅಂದು ಎದ್ದು ಒಳಗೆ ಹೋದಳು.

ಹೋದ ಶನಿವಾರ ಹೇಳಲೆಂದೇ ಹೋಗಿದ್ದೆ. ಟ್ಯಾಂಕರ್ ಬಂದು ಹೋಯಿತು. ಅಕ್ಕ ಈಗ ಹೆಚ್ಚು ಮಾತಾಡುವುದಿಲ್ಲ. ಮಾತ್ರೆಯಿಂದ ಅಕ್ಷರಗಳು ಓಡಾಡುತ್ತವೆ ಎಂದು ಪತ್ರಿಕೆ ಓದುವುದನ್ನೂ ಬಿಟ್ಟಿದ್ದಾಳೆ. ಯಾವುದನ್ನು ಮುಟ್ಟಿದರೂ ಒಮ್ಮೆ ಪಕ್ಕದವರನ್ನು ಕೇಳುತ್ತಾಳೆ: ಕಾಫಿ ಬಿಸಿ ಇದೆಯಾ, ನೀರು ತಣ್ಣಗಿದೆಯಾ. ತನ್ನ ಕೈಯನ್ನು ನಂಬುವುದಿಲ್ಲ. ಹಾಗೆ ಮಾಡಿದವನು ನಾನು.

ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಕೊಟ್ಟಿಗೆಯಲ್ಲಿ ಕೂತಿದ್ದೆವು. ಅಲ್ಲಿ ಈಗ ಏನೂ ಇಲ್ಲ, ನೆಲದಲ್ಲಿ ಎಣ್ಣೆಯ ಒಂದು ಕಲೆ ಬಿಟ್ಟರೆ. ಬಿಸಿಲು ಇಳಿದಿತ್ತು.

ಟಿಕ್.

ಅಕ್ಕ ತಲೆ ಎತ್ತಲಿಲ್ಲ. ಸ್ವಲ್ಪ ಬಿಟ್ಟು ಮತ್ತೆ ಟಿಕ್. ಬಿಸಿಲಲ್ಲಿ ಕಾದ ಮಾಡಿನ ತಗಡು ಆರುತ್ತಿರಬೇಕು. ಇರಬೇಕು. ಸದ್ದು ಮಾತ್ರ ಮೇಲಿನಿಂದ ಬಂದ ಹಾಗಿರಲಿಲ್ಲ. ಗಾಡಿಯ ಮುಂದಿನ ಎಡಚಕ್ರ ನಿಲ್ಲುತ್ತಿದ್ದ ಜಾಗದಿಂದ, ಮೊಣಕಾಲಿನ ಎತ್ತರದಿಂದ ಬರುತ್ತಿತ್ತು.

"ಈ ಟಿಕ್ ಟಿಕ್ ನನ್ ತಲೇಲಿ ಇರೋದು," ಎಂದು ಅಕ್ಕ ತನ್ನಷ್ಟಕ್ಕೇ ಹೇಳಿಕೊಂಡಳು, ಪಾಠ ಒಪ್ಪಿಸುವ ಹಾಗೆ. "ಡಾಕ್ಟ್ರು ಹೇಳಿದ್ದಾರೆ. ನಿನಗೇನೂ ಕೇಳ್ಸಲ್ಲ ಅಲ್ವಾ?"

"ಕೇಳ್ಸುತ್ತೆ ಅಕ್ಕ," ಅಂದೆ. "ನನಗೂ ಕೇಳ್ಸುತ್ತೆ."

ಅವಳು ನಿಧಾನವಾಗಿ ನನ್ನ ಕಡೆ ತಿರುಗಿದಳು. "ಸಮಾಧಾನಕ್ಕೆ ಹೇಳ್ಬೇಡ ಕಣೋ. ನೀನು ಸುಳ್ಳು ಹೇಳೋನಲ್ಲ."

ಗಾಡಿ ಓಡಿಸಿದವನು ನಾನು ಎಂಬ ಮಾತು ಆಗಲೇ ಬರಬೇಕಿತ್ತು. ಬರಲಿಲ್ಲ. ಅವಳು ಎದ್ದು, ಮಾತ್ರೆ ತಗೊಳ್ಳೋ ಹೊತ್ತಾಯ್ತು ಎಂದು ಒಳಗೆ ಹೋದಳು.

ಆಡಲಾಗದ್ದನ್ನು ಓದಿಯಾದರೂ ಹೇಳಬಹುದು ಎಂದು ಇದನ್ನು ಬರೆದೆ. ಈ ಶನಿವಾರ ಇದನ್ನು ತೆಗೆದುಕೊಂಡು ಹೋಗುತ್ತೇನೆ, ಜೊತೆಗೆ ಆ ತಂತಿಯನ್ನೂ. ಅವಳ ಕೈಗೆ ಕೊಟ್ಟು, ನಿನ್ನ ಕೈ ಸರಿಯಾಗಿಯೇ ಇತ್ತು, ಚಕ್ರ ನಿಜವಾಗಿ ಬಿಸಿಯಿತ್ತು ಎಂದು ಹೇಳಬೇಕು. ಮಗ ಬರುತ್ತಿರಲಿಲ್ಲ, ನಾನು ಬರುತ್ತಿದ್ದೆ ಎಂದೂ ಹೇಳಬೇಕು. ಒಂದನ್ನು ಕೊಟ್ಟು ಇನ್ನೊಂದನ್ನು ಕಿತ್ತುಕೊಂಡ ಹಾಗಾಗುತ್ತದೆ. ಅದಕ್ಕೇ ಇಷ್ಟು ಕಾಲ ಹೆದರಿದ್ದೆ. ಉಳಿದವರೆಲ್ಲರ ಮುಂದೆ ತಲೆ ತಗ್ಗಿಸಿಯಾಗಿದೆ. ಕ್ಷಮೆ ಕೇಳದೆ ಉಳಿದಿರುವುದು ಒಬ್ಬಳನ್ನೇ: ನನ್ನ ಒಂದು ಮಾತಿಗೆ ತನ್ನ ಎರಡು ಕೈಗಳನ್ನೇ ನಂಬುವುದು ಬಿಟ್ಟವಳು, ನನ್ನ ಅಕ್ಕ.